ಟೀಚರಮ್ಮ ಹಾಕಿದ ಎಲೆಗಳು

ನೋಡಬಾರದು ಅಂದುಕೊಂಡಷ್ಟೂ ಅಜ್ಜಿಯ ಕಣ್ಣು ಆ ಹೊಲಿಗೆಯ ಮೇಲೇ ಹೋಗುತ್ತಿತ್ತು. ಕೆರೆಯ ಪಕ್ಕದ ಪಾರ್ಕಿನಲ್ಲಿ, ಬಣ್ಣ ಕಿತ್ತುಹೋದ ಬೆಂಚಿನ ಮೇಲೆ, ಇಬ್ಬರು ಮುದುಕಿಯರ ಮಡಿಲುಗಳ ನಡುವೆ ಒಂದು ಬಿಳಿ ಹೊದಿಕೆ ಹರಡಿಕೊಂಡಿತ್ತು. ಅದರ ಒಂದು ಅಂಚು ಅವಳದು, ಇನ್ನೊಂದು ಅಂಚು ಬೀಗಿತ್ತಿಯದು, ಅಂದರೆ ಸೊಸೆಯ ತಾಯಿಯದು. ಮೊಮ್ಮಗಳು ಮರದಡಿ ಉದುರಿದ ಎಲೆಗಳನ್ನು ಆರಿಸಿ ತಂದು, ಬಟ್ಟೆಯ ಅಂಚಿನಲ್ಲಿಟ್ಟು, ಸುತ್ತ ಪೆನ್ಸಿಲ್ ಎಳೆದು, "ಈ ಕಡೆ ಹೊಲಿಗೆ ಅಜ್ಜಿ, ಆ ಕಡೆ ಟೀಚರಜ್ಜಿ. ಜಗಳ ಆಡಬಾರದು" ಎಂದು ಕೆಲಸ ಹಂಚಿ ಉಯ್ಯಾಲೆಯ ಕಡೆ ಓಡಿದ್ದಳು. ಅವಳಿಗೆ ಹೊಸ ಮಂಚ ಬಂದಿತ್ತು, ಅದಕ್ಕೆ ಇಬ್ಬರು ಅಜ್ಜಿಯರ ಕೈಯ ಹೊದಿಕೆಯೇ ಆಗಬೇಕು. ಗಾಳಿ ಬೀಸಿದಾಗಲೆಲ್ಲ ಇನ್ನಷ್ಟು ಎಲೆ ಉದುರಿ ಹೊದಿಕೆಯ ಮೇಲೆ ಬೀಳುತ್ತಿದ್ದವು. ಒಣಗಿ ಮುರುಟಿದ ಆ ಎಲೆಗಳೂ ಬೀಗಿತ್ತಿ ಹಾಕುತ್ತಿದ್ದ ಎಲೆಗಳಿಗಿಂತ ಎಲೆಯಂತಿದ್ದವು. ದಾರ ಒಂದು ಕಡೆ ಜೋಲು ಬಿದ್ದಿತ್ತು, ಇನ್ನೊಂದು ಕಡೆ ಬಿಗಿದು ಬಟ್ಟೆಯನ್ನೇ ಸುಕ್ಕುಗಟ್ಟಿಸಿತ್ತು. ಗೆರೆ ಎಡಕ್ಕೆ ಹೊರಳಿದರೆ ಸೂಜಿ ಬಲಕ್ಕೆ. ಅನ್ನದಲ್ಲಿ ಕಲ್ಲು ಕಡಿದಂತೆ ಅಜ್ಜಿಯ ಹಲ್ಲು ಜುಂ ಅನ್ನುತ್ತಿತ್ತು. ಇಷ್ಟು ವರ್ಷ ಟೈಲರ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಕೊಂಡಿ, ಗುಂಡಿ, ಅಂಚು ಹೊಲಿದ ಕೈ ಅದು. ಕಣ್ಣು ಮುಚ್ಚಿಕೊಂಡರೂ ಬೆರಳಿಗೆ ತಪ್ಪು ಕಾಣುತ್ತಿತ್ತು. ಅಷ್ಟಾದರೂ ಬೀಗಿತ್ತಿಯ ಮುಖದಲ್ಲಿ ಪರೀಕ್ಷೆ ಬರೆಯುವ ಹುಡುಗಿಯ ಶ್ರದ್ಧೆಯಿತ್ತು, ತುಟಿಯ ಮೂಲೆಯಲ್ಲಿ ನಾಲಗೆಯ ತುದಿ ಹೊರಬಂದಿತ್ತು. ಅದನ್ನು ಕಂಡು ಅಜ್ಜಿಗೆ ಮೊದಲು ನಗು, ಆಮೇಲೆ ಅಯ್ಯೋ ಅನ್ನಿಸಿ, ಕೊನೆಗೆ ಎರಡೂ ಅಲ್ಲದ, ಹೆಸರಿಲ್ಲದ ಒಂದು ಖುಷಿ ಮಿಸುಕಿತು.

ಬೀಗಿತ್ತಿಯನ್ನು ಮನೆಯವರೆಲ್ಲ ಟೀಚರಮ್ಮ ಎಂದೇ ಕರೆಯುತ್ತಿದ್ದರು. ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುತ್ತಿದ್ದವರು. ಇಸ್ತ್ರಿ ಮಾಡಿದ ಸೀರೆ, ಇಸ್ತ್ರಿ ಮಾಡಿದ ಮಾತು. ಸಂಬಂಧದ ಮಾತುಕತೆಗೆಂದು ಎರಡು ಮನೆಯವರೂ ಮೊದಲ ಸಲ ಸೇರಿದ ದಿನ ಕಿಟಕಿಯಾಚೆ ತಂತಿಯ ಮೇಲೆ ಸಾಲಾಗಿ ಕೂತಿದ್ದವುಗಳನ್ನು ನೋಡಿ ಅಜ್ಜಿ, ಏನಾದರೂ ಮಾತಾಡಬೇಕಲ್ಲ ಎಂದು, "ಎಷ್ಟೊಂದು ಅಕ್ಕಿ ಕೂತಿವೆ ನೋಡಿ" ಎಂದಿದ್ದಳು. ಟೀಚರಮ್ಮ ನಕ್ಕು, "ಅಕ್ಕಿ ಡಬ್ಬದಲ್ಲಿ ಕೂತಿರುತ್ತೆ. ತಂತಿ ಮೇಲೆ ಕೂರೋದು ಹಕ್ಕಿ" ಎಂದಿದ್ದರು. ಎಲ್ಲರೂ ನಕ್ಕರು. ಮಗನೂ ನಕ್ಕ. ಅದರಲ್ಲಿ ಕೆಟ್ಟತನವೇನೂ ಇರಲಿಲ್ಲ, ತರಗತಿಯಲ್ಲಿ ಮಕ್ಕಳನ್ನು ತಿದ್ದಿ ತಿದ್ದಿ ಬಂದ ಅಭ್ಯಾಸ ಅಷ್ಟೇ. ಅಜ್ಜಿಯೂ ನಕ್ಕಿದ್ದಳು, ಎಲ್ಲರಿಗಿಂತ ಜೋರಾಗಿ. ಆದರೆ ಅವತ್ತಿನಿಂದ ಟೀಚರಮ್ಮನ ಎದುರು ಒಂದೊಂದು ಮಾತನ್ನೂ ಸೂಜಿಗೆ ದಾರ ಪೋಣಿಸುವ ಹಾಗೆ ಕಣ್ಣು ಕಿರಿದು ಮಾಡಿಕೊಂಡು ಆಡಬೇಕಾಯಿತು. ಒಮ್ಮೆ ಹೆದರಿ ಹೆದರಿ 'ಅಂಗಡಿ'ಯನ್ನು 'ಹಂಗಡಿ' ಎಂದುಬಿಟ್ಟಳು. ಟೀಚರಮ್ಮ ಆಗ ತಿದ್ದಲಿಲ್ಲ, ಸುಮ್ಮನೆ ನೆಲ ನೋಡಿದರು. ತಿದ್ದಿದ್ದರೇ ವಾಸಿಯಿತ್ತು.

ಈಗ ಆ ಟೀಚರಮ್ಮನಿಗೇ ಮರೆವು ಹತ್ತಿತ್ತು. ಮಗಳ ಮನೆಗೆ, ಅಂದರೆ ಅಜ್ಜಿಯ ಮಗನ ಮನೆಗೆ, ಬಂದು ಇದ್ದರು, ಬಾಲ್ಕನಿಗೆ ಅಂಟಿದ ಚಿಕ್ಕ ರೂಮಿನಲ್ಲಿ. ಕೇಳಿದ್ದನ್ನೇ ಕೇಳುತ್ತಿದ್ದರು; ಒಂದು ಸಂಜೆ ಹಾಲು ಉಕ್ಕಿ ಒಲೆ ಆರಿ, ಗ್ಯಾಸ್ ವಾಸನೆ ಮೆಟ್ಟಿಲವರೆಗೂ ಬಂದಿತ್ತಂತೆ. ಆದರೂ ಗುಣಾಕಾರ ತಪ್ಪುತ್ತಿರಲಿಲ್ಲ, ಮೊಮ್ಮಗಳ ಹೋಂವರ್ಕ್ ಅವರದೇ. ದಿನಾ ಸಂಜೆ ಬೀದಿಯ ತುದಿಯ ಲೈಬ್ರರಿಗೆ ಒಬ್ಬರೇ ನಡೆದು ಹೋಗಿ ಪೇಪರ್ ಓದಿ ಬರುತ್ತಿದ್ದರು, ಮನೆಯ ಬೀಗದ ಕೈಯನ್ನು ಬ್ಯಾಗಿನ ಒಳಜೇಬಿನಲ್ಲಿಟ್ಟುಕೊಂಡು. ಮಗ ಹೋದ ಸಲ ಫೋನಿನಲ್ಲಿ, "ಎಷ್ಟು ದಿನ ಅಂತ ಹೀಗೆ? ನೋಡ್ಕೊಳ್ಳೋ ಕಡೆ ಸೇರಿಸೋಣ ಅಂತ ಇವಳೂ ಯೋಚನೆ ಮಾಡ್ತಿದಾಳೆ. ಆ ರೂಮು ಖಾಲಿ ಆದ್ರೆ ನೀನೇ ಬಂದು ಇರಬಹುದಲ್ಲಮ್ಮ" ಎಂದಿದ್ದ. ಅಜ್ಜಿ "ಸಾಕು ಬಿಡೋ, ಆ ತರ ಎಲ್ಲ ಮಾತಾಡಬಾರದು" ಎಂದು ಬೈದಿದ್ದಳು. ಬೈದು, ಫೋನಿಟ್ಟ ಮೇಲೆ, ಆ ರೂಮಿನ ಕಿಟಕಿಗೆ ಬೆಳಿಗ್ಗೆಯ ಬಿಸಿಲು ಬೀಳುತ್ತದಲ್ಲ, ಅಲ್ಲಿ ಕೂತರೆ ಲೈಟ್ ಹಾಕದೆ ಹೊಲಿಯಬಹುದು ಎಂದು ಅವಳ ಮನಸ್ಸು ತನ್ನಷ್ಟಕ್ಕೆ ಲೆಕ್ಕ ಹಾಕಿತ್ತು.

ಪಾರ್ಕಿನಿಂದ ಬಂದ ಮೇಲೆ, ಆ ಶನಿವಾರ ಮಧ್ಯಾಹ್ನ ಎಲ್ಲರೂ ಮಕ್ಕಳ ನಾಟಕಕ್ಕೆ ಹೊರಟರು. ಊರಿಂದ ಎರಡು ದಿನಕ್ಕೆಂದು ಬಂದಿದ್ದ ಅಜ್ಜಿ ಮಂಡಿನೋವು ಎಂದಳು. ನೋವಿತ್ತು, ಸುಳ್ಳಲ್ಲ, ಆದರೆ ನೋವಿದ್ದೂ ಎಷ್ಟೋ ಕಡೆ ಹೋಗಿದ್ದಳು. ಬಾಗಿಲು ಮುಚ್ಚಿಕೊಂಡ ಮೇಲೆ ಮನೆ ಅವಳ ಕಡೆ ತಿರುಗಿ ನೋಡಿದಂತಾಯಿತು. ಲೋಟ ತೊಳೆದಿಟ್ಟಳು. ಸೋಫಾದ ಮೇಲೆ ತಾನು ಮಲಗಿದ್ದ ರಗ್ಗು ಮಡಿಸಿದಳು. ಹೊದಿಕೆಯನ್ನು ಸುಮ್ಮನೆ ನೋಡೋಣ ಎಂದು ಬಿಡಿಸಿದಳು. ಪುಟ್ಟ ಕತ್ತರಿ ಕೈಗೆ ಬಂದದ್ದು ಯಾವಾಗ ಎಂದು ಆಮೇಲೆ ಎಷ್ಟು ಯೋಚಿಸಿದರೂ ಅವಳಿಗೆ ಹೊಳೆಯಲಿಲ್ಲ. ಮೊದಲ ದಾರ ಟಿಕ್ ಎಂದು ತುಂಡಾಯಿತು. ಒಂದು ಎಳೆ ಕಡಿದರೆ ಸಾಕು, ಸರಪಳಿ ಹೊಲಿಗೆ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ, ಗುಟ್ಟು ಹೇಳುವ ಮಗುವಿನ ಹಾಗೆ; ಎಳೆದಷ್ಟೂ ಬರುತ್ತದೆ. ಮಗುವಿನ ಹೊದಿಕೆ ಕೆಡಬಾರದಲ್ಲ, ನಾಳೆ ಅದರ ಗೆಳತಿಯರು ಬಂದು ನೋಡಿ ನಗಬಾರದಲ್ಲ, ಟೀಚರಮ್ಮನಿಗೆ ಹೇಗೂ ನೆನಪಿರುವುದಿಲ್ಲ, ಎನ್ನುತ್ತ ಅವಳು ಒಂದು ಎಲೆ ಬಿಚ್ಚಿದಳು, ಇನ್ನೊಂದು ಬಿಚ್ಚಿದಳು, ಬಟ್ಟೆಯ ಮೇಲೆ ಉಳಿದ ತೂತುಗಳನ್ನು ಉಗುರಿನಿಂದ ಉಜ್ಜಿ ಮುಚ್ಚಿದಳು. ಪೆನ್ಸಿಲ್ ಗೆರೆ ಮತ್ತೆ ಖಾಲಿಯಾಗಿ ಬಾಯಿ ತೆರೆದು ನಿಂತಿತು. ಅದರ ಮೇಲೆ ಅವಳ ಸೂಜಿ ನಡೆಯಿತು. ಎಷ್ಟು ಸಲೀಸಾಗಿ ನಡೆಯಿತೆಂದರೆ, ಅಂಗಡಿಯಲ್ಲಿ ಯಾವತ್ತೂ ಹಾಡದವಳು ಗುನುಗತೊಡಗಿದಳು. ಕಿತ್ತ ದಾರವನ್ನು ಉಂಡೆ ಮಾಡಿ ಕಸದ ಡಬ್ಬಕ್ಕೆ ಹಾಕುವಾಗ ಮಾತ್ರ, ಅದನ್ನು ತರಕಾರಿ ಸಿಪ್ಪೆಯ ಕೆಳಗೆ ತಳ್ಳಿದ ತನ್ನ ಕೈಯನ್ನು ಕಂಡು ಬೆಚ್ಚಿದಳು. ಒಳ್ಳೆಯ ಕೆಲಸ ಮಾಡಿದವರು ಯಾಕೆ ಸಿಪ್ಪೆಯ ಕೆಳಗೆ ಬಚ್ಚಿಡುತ್ತಾರೆ?

ಸಂಜೆ ಎಲ್ಲರೂ ಗಲಗಲ ಎನ್ನುತ್ತ ಬಂದರು. ನಾಟಕದ ಸಿಂಹ ವೇದಿಕೆಯ ಮೇಲೇ ಸೀನಿತಂತೆ, ಮೀಸೆ ಕೈಗೆ ಬಂತಂತೆ. ಟೀಚರಮ್ಮ ಕೈಕಾಲು ತೊಳೆದು, ಕನ್ನಡಕ ಒರೆಸಿಕೊಂಡು, ಹೊದಿಕೆಯನ್ನು ಮಡಿಲಿಗೆಳೆದುಕೊಂಡರು. ಎಳೆದುಕೊಂಡವರ ಕೈ ಹಾಗೇ ನಿಂತಿತು. ಬೆರಳಿನಿಂದ ಎಲೆಯ ಅಂಚನ್ನು ಸವರಿದರು. ಬಟ್ಟೆ ತಿರುಗಿಸಿ ಹಿಂಭಾಗ ನೋಡಿದರು.

"ಇದು ನಾನು ಹಾಕಿದ್ದಲ್ಲ" ಎಂದರು.

ಸೊಸೆ ಅಡುಗೆಮನೆಯಿಂದ ಇಣುಕಿ, "ಏನಮ್ಮ?" ಎಂದಳು.

"ಈ ಎಲೆಗಳು. ನಂದಲ್ಲ ಇವು. ಯಾರೋ ಹಾಕಿದಾರೆ."

"ನೀನೇ ಅಲ್ವಾ ಬೆಳಿಗ್ಗೆ ಪಾರ್ಕಲ್ಲಿ ಹಾಕ್ತಿದ್ದಿದ್ದು?"

"ಹಾಕ್ದೆ. ಆದ್ರೆ ಇದಲ್ಲ. ನನ್ನದು ಸೊಟ್ಟ ಇತ್ತು."

ಮೊಮ್ಮಗಳು ಸೋಫಾ ಹತ್ತಿ ಬಗ್ಗಿ ನೋಡಿ, "ಟೀಚರಜ್ಜಿ, ನೀವೇ ಹಾಕಿದ್ದು. ನಾನೇ ನೋಡಿದೀನಿ. ಮರೆತ್ಹೋಯ್ತಾ?" ಎಂದು ಕಿಲಕಿಲ ನಕ್ಕಳು. ಮರೆತುಹೋಯಿತಾ ಎನ್ನುವುದು ಆ ಮನೆಯಲ್ಲಿ ಒಂದು ಆಟದ ಮಾತಾಗಿತ್ತು, ಟೀಚರಮ್ಮನೂ ಅದಕ್ಕೆ ನಗುತ್ತಿದ್ದರು. ಇವತ್ತು ನಗಲಿಲ್ಲ. "ನನಗೆ ಮರೆತಿಲ್ಲ" ಎಂದು ಒಂದೊಂದೇ ಅಕ್ಷರ ಬಿಡಿಸಿ ಹೇಳಿ, ಅಜ್ಜಿಯ ಕಡೆ ತಿರುಗಿದರು. "ನೀವು ಪಕ್ಕದಲ್ಲೇ ಕೂತಿದ್ರಲ್ಲ. ನೀವು ಹೇಳಿ."

ಬಾಯಿ ತೆರೆದರೆ ಸಾಕಿತ್ತು. ಅಜ್ಜಿ ಬಾಯಿ ತೆರೆದಳು ಕೂಡ. ಆದರೆ ಮಗ ಸೊಸೆ ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದು ಅಷ್ಟರಲ್ಲಿ ಅವಳಿಗೆ ಕಂಡಿತು. ಈಗ ಹೇಳಿದರೆ, ಬೀಗಿತ್ತಿಯ ಹೊಲಿಗೆಯನ್ನು ಕದ್ದು ಬಿಚ್ಚಿದ ಮುದುಕಿ ಎಂದಾಗುತ್ತದೆ. ಯಾಕೆ ಬಿಚ್ಚಿದಿರಿ ಎನ್ನುತ್ತಾರೆ. ಯಾಕೆ ಬಿಚ್ಚಿದೆ? ಆ ಯಾಕೆಯ ತಳದಲ್ಲಿ ತಂತಿಯ ಮೇಲೆ ಕೂತ ಹಕ್ಕಿಗಳು, ಬೆಳಗಿನ ಬಿಸಿಲು ಬೀಳುವ ಕಿಟಕಿ, ಎಲ್ಲ ಇದ್ದವು. "ನಾನು ಅಷ್ಟು ಗಮನಿಸಲಿಲ್ಲ" ಎಂಬ ಮಾತು ಅವಳ ಬಾಯಿಂದ ಬಂತು. ಸ್ವರ ತನ್ನದಾಗಿರಲಿಲ್ಲ.

ಟೀಚರಮ್ಮ ಅವಳನ್ನು ನೋಡುತ್ತಲೇ ಇದ್ದರು. ಕೋಪವಿರಲಿಲ್ಲ ಆ ನೋಟದಲ್ಲಿ, ಲೆಕ್ಕವಿತ್ತು. ಮೇಲಿಂದ ಕೆಳಕ್ಕೆ ಕೂಡಿ, ಕೆಳಗಿಂದ ಮೇಲಕ್ಕೆ ಕೂಡಿ, ಎರಡೂ ಸಲ ಬೇರೆ ಬೇರೆ ಮೊತ್ತ ಬಂದವರ ಹಾಗೆ. ಮೆಲ್ಲನೆ ಹೊದಿಕೆ ಮಡಿಸಿ, "ಹಾಗಾದ್ರೆ..." ಎಂದು ಅಷ್ಟಕ್ಕೇ ನಿಲ್ಲಿಸಿ, ಚಿಕ್ಕ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡರು.

ಭಾನುವಾರ ಬೆಳಿಗ್ಗೆ ಸೊಸೆ ಅಡುಗೆಮನೆಯಲ್ಲಿ ಫ್ಲಾಸ್ಕಿಗೆ ಟೀ ತುಂಬುತ್ತ, ದನಿ ತಗ್ಗಿಸಿ, "ಕೀ ತಗೊಂಡುಬಿಟ್ಟೆ ಅತ್ತೆ" ಎಂದಳು. "ಅಮ್ಮನ ಬ್ಯಾಗಿಂದ. ಕೇಳಿದ್ರೆ ಕೊಡ್ತಿರಲಿಲ್ಲ. ಬೆಳಿಗ್ಗೆ ತಾನೇ ಮಾಡಿದ್ದನ್ನ ಸಂಜೆ ನಂದಲ್ಲ ಅಂದ್ರೆ, ನಾಳೆ ಈ ಮನೆ ನಂದಲ್ಲ ಅಂತ ಯಾವ ಬೀದಿಗೆ ಹೋಗಿ ನಿಲ್ತಾಳೋ. ಲೈಬ್ರರಿ ಇನ್ಮೇಲೆ ನಾವಿದ್ದಾಗ ಮಾತ್ರ." ಅವಳ ಕಣ್ಣ ಕೆಳಗೆ ಕಪ್ಪಗಾಗಿತ್ತು, ನಿದ್ದೆ ಮಾಡಿರಲಿಲ್ಲ. ಟೀ ಫ್ಲಾಸ್ಕಿನ ಬಾಯಿ ತಪ್ಪಿ ಕಟ್ಟೆಯ ಮೇಲೆ ಹರಿಯಿತು. ಅಜ್ಜಿ ಬಟ್ಟೆ ತಂದು ಒರೆಸಿದಳು. ಒರೆಸುತ್ತ ಕಸದ ಡಬ್ಬದ ಕಡೆ ನೋಡಿದಳು. ಒಳಗೆ ಹೊಸ ಚೀಲ ಹಾಕಿತ್ತು, ಕಸದ ಗಾಡಿಯವನು ಆಗಲೇ ಬಂದು ಹೋಗಿದ್ದ. ಈಗ ಹೇಳಬೇಕು, ಈಗ, ಎಂದುಕೊಳ್ಳುವಷ್ಟರಲ್ಲಿ ಮಗ ಕಾರಿನ ಕೀ ಆಡಿಸುತ್ತ ಬಂದು, "ಲೇಡೀಸ್, ರೈಲು ನಮಗೋಸ್ಕರ ಕಾಯಲ್ಲ" ಎಂದ. ಹೊರಟದ್ದು ರೈಲಿಗಲ್ಲ, ಹಳೇ ರೈಲು ಇಂಜಿನ್‌ಗಳನ್ನು ಇಟ್ಟ ಮ್ಯೂಸಿಯಮ್ಮಿಗೆ. ಅಲ್ಲಿಯ ರೈಲುಗಳು ಎಲ್ಲಿಗೂ ಹೋಗುವಂಥವಲ್ಲ. ಅವನ ಜೋಕಿಗೆ ಅವನೊಬ್ಬನೇ ನಕ್ಕ.

ಕಾರಿನ ಹಿಂದಿನ ಸೀಟಿನಲ್ಲಿ ಅಜ್ಜಿ ಒಂದು ಕಡೆ, ಟೀಚರಮ್ಮ ಒಂದು ಕಡೆ, ನಡುವೆ ಮಗು. ಟೀಚರಮ್ಮ ಬ್ಯಾಗು ತೆಗೆದು ಒಳಜೇಬು ಮುಟ್ಟಿ ನೋಡಿಕೊಂಡರು. ಮುಚ್ಚಿದರು. ಸಿಗ್ನಲ್ಲಿನಲ್ಲಿ ಮತ್ತೆ ತೆಗೆದು ಮುಟ್ಟಿದರು. ಕೀ ಎಲ್ಲಿ ಎಂದು ಕೇಳಲಿಲ್ಲ. ಕೇಳಿದರೆ ಅದೂ ಮರೆವಿನ ಲೆಕ್ಕಕ್ಕೆ ಸೇರುತ್ತದೆ ಎಂದು ಹೆದರಿದ್ದಾರೆ, ಎಂದು ಅಜ್ಜಿಗೆ ಗೊತ್ತಾಯಿತು. ಮಾತಿಗೆ ಹೆದರುವುದು ಹೇಗಿರುತ್ತದೆಂದು ತನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮ್ಯೂಸಿಯಮ್ಮಿನಲ್ಲಿ ಮಗು ಒಂದೊಂದು ಇಂಜಿನ್ನೂ ಹತ್ತಿ ಕೂಗು ಹಾಕುತ್ತಿತ್ತು. ಒಣಗಿದ ಎಲೆಗಳು ಹಳಿಗಳ ನಡುವೆ ಸೇರಿಕೊಂಡು, ಕಾಲಿಟ್ಟರೆ ಪರಪರ ಎನ್ನುತ್ತಿದ್ದವು. ಟೀಚರಮ್ಮ ತುಸು ಹಿಂದೆ ಉಳಿದು ನಡೆಯುತ್ತಿದ್ದರು, ತುಟಿ ಅಲುಗುತ್ತಿತ್ತು. ಹತ್ತಿರ ಹೋದಾಗ ಅಜ್ಜಿಗೆ ಕೇಳಿಸಿತು. ಮಗ್ಗಿ ಹೇಳುತ್ತಿದ್ದರು. ಹದಿನೇಳರದು. ಅದು ಮುಗಿದ ಮೇಲೆ ಮಗಳ ಹೆಸರು, ಅಳಿಯನ ಹೆಸರು, ಮೊಮ್ಮಗಳ ಹೆಸರು, ಬೀದಿಯ ಹೆಸರು. ಮನೆಯಲ್ಲಿ ಎಲ್ಲ ಸಾಮಾನೂ ಇದೆಯೇ ಎಂದು ಕಳ್ಳ ಬಂದು ಹೋದ ಮೇಲೆ ನೋಡಿಕೊಳ್ಳುತ್ತಾರಲ್ಲ, ಹಾಗೆ. ಅಜ್ಜಿಯನ್ನು ಕಂಡು ಚಟ್ಟನೆ ನಿಲ್ಲಿಸಿ, "ಇವತ್ತು ಭಾನುವಾರ ತಾನೆ?" ಎಂದರು. "ಹೌದು" ಎಂದಳು ಅಜ್ಜಿ. "ಗೊತ್ತು. ಸುಮ್ಮನೆ ಕೇಳಿದೆ" ಎಂದರು ಟೀಚರಮ್ಮ.

ಮಧ್ಯಾಹ್ನ ಹೋಟೆಲಿನಲ್ಲಿ, ಟೀಚರಮ್ಮ ಮಗುವನ್ನು ಕೈತೊಳೆಸಲು ಕರೆದುಕೊಂಡು ಹೋದಾಗ, ಅಜ್ಜಿ ಹೇಳಿಬಿಟ್ಟಳು. ತಲೆ ತಗ್ಗಿಸಿ, ಮೇಜಿನ ಮೇಲಿನ ನೀರಿನ ಉಂಗುರವನ್ನು ಬೆರಳಿನಿಂದ ಅಳಿಸುತ್ತ. "ಆ ಎಲೆ ನಾನು ಹಾಕಿದ್ದು. ಅವರದನ್ನ ಬಿಚ್ಚಿ ಹಾಕ್ದೆ, ನೀವು ನಾಟಕಕ್ಕೆ ಹೋದಾಗ. ಅವರು ಹೇಳಿದ್ದೇ ನಿಜ."

ಸೊಸೆ ಅವಳನ್ನು ನೋಡಿದಳು. ನೋಡುತ್ತ ನೋಡುತ್ತ ಅವಳ ಕಣ್ಣಿನಲ್ಲಿ ನೀರು ತುಂಬಿತು. ಮೇಜಿನ ಮೇಲಿಂದ ಕೈ ಚಾಚಿ ಅಜ್ಜಿಯ ಕೈ ಹಿಡಿದುಕೊಂಡಳು. "ಅತ್ತೆ, ನನ್ನ ತಾಯಿಗೋಸ್ಕರ ಇಷ್ಟೆಲ್ಲ... ನೀವು ತಪ್ಪು ಮೈಮೇಲೆ ಹಾಕ್ಕೋಬೇಡಿ."

"ಮೈಮೇಲೆ ಹಾಕ್ಕೊಳ್ಳೋದಲ್ಲ ಕಣಮ್ಮ. ನಾನೇ ಮಾಡಿದ್ದು. ದಾರ ಕಸದ ಡಬ್ಬಕ್ಕೆ ಹಾಕ್ದೆ."

"ಅಮ್ಮ, ನಿಂಗೆ ಸುಳ್ಳು ಹೇಳೋಕೆ ಬರಲ್ಲ, ಬಿಡು" ಎಂದ ಮಗ. ಹೆಮ್ಮೆಯಿತ್ತು ಅವನ ದನಿಯಲ್ಲಿ. ಹೆಂಡತಿಯ ಕಡೆ ತಿರುಗಿ, "ನಮ್ಮಮ್ಮ ಮೊದಲಿಂದ ಹೀಗೇ. ಸ್ಕೂಲಲ್ಲಿ ನಾನು ಯಾರದೋ ಕೊಡೆ ಮುರಿದ್ರೂ, ತಾನೇ ಮೆಟ್ಟಿದ್ದು ಅಂತ ಹೋಗಿ ಹೇಳಿ ಬಂದಿದ್ಲು" ಎಂದ.

"ನಿಜ ಹೇಳ್ತಿದೀನಿ ಕಣೋ. ಅವರಿಗೆ ಕೀ ವಾಪಸ್ ಕೊಡಿ."

"ಆಯ್ತು ಅತ್ತೆ. ನೋಡೋಣ" ಎಂದಳು ಸೊಸೆ, ಕೈಯನ್ನು ಮೆಲ್ಲಗೆ ತಟ್ಟುತ್ತ. ಆ 'ನೋಡೋಣ' ಅಜ್ಜಿಗೆ ಪರಿಚಯದ್ದು. ಟೀಚರಮ್ಮ ಏನಾದರೂ ಕೇಳಿದಾಗ ಸೊಸೆ ಹೇಳುವ 'ನೋಡೋಣ' ಅದು. ಇಷ್ಟು ವರ್ಷ ಈ ಮನೆಯಲ್ಲಿ ತನ್ನನ್ನು ಯಾರಾದರೂ ಒಳ್ಳೆಯವಳು ಎನ್ನಲಿ ಎಂದು ಕಾದಿದ್ದಳು. ಈಗ ಹೇಳುತ್ತಿದ್ದರು, ಅದು ಬಾಯಿಗೆ ತುರುಕಿದ ಬಟ್ಟೆಯ ಹಾಗಿತ್ತು. ಊಟ ಬಂತು. ಮಗು ಬಂತು. ಟೀಚರಮ್ಮ ಕುರ್ಚಿ ಎಳೆದು ಕೂತು, ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿ, ತಮ್ಮ ವಿಷಯವೇ ನಡೆದಿತ್ತೆಂದು ಅರ್ಥವಾದವರಂತೆ, ಚಮಚ ಎತ್ತಿಕೊಂಡು ತುಂಬಾ ನೀಟಾಗಿ, ಒಂದು ಹನಿಯೂ ಚೆಲ್ಲದೆ ತಿನ್ನತೊಡಗಿದರು.

ಸಂಜೆ ಅಜ್ಜಿ ಊರಿಗೆ ಹೊರಡಬೇಕು. ಚೀಲ ಬಾಗಿಲ ಹತ್ತಿರ ಸಿದ್ಧವಾಗಿತ್ತು, ಮಗ ಗಾಡಿ ತೆಗೆಯಲು ಕೆಳಗಿಳಿದಿದ್ದ, ಸೊಸೆ ಮಗುವಿಗೆ ಸ್ನಾನ ಮಾಡಿಸುತ್ತಿದ್ದಳು. ಅಜ್ಜಿ ಚಿಕ್ಕ ರೂಮಿನ ಬಾಗಿಲು ತಳ್ಳಿದಳು. ಟೀಚರಮ್ಮ ಕಿಟಕಿಯ ಹತ್ತಿರ ಹೊದಿಕೆ ಹರಡಿಕೊಂಡು ಕೂತಿದ್ದರು.

"ಬನ್ನಿ. ಹೊರಟ್ರಾ?"

"ಒಂದು ಮಾತು ಹೇಳ್ಬೇಕಿತ್ತು." ಅಜ್ಜಿ ಮಂಚದ ತುದಿಯಲ್ಲಿ ಕೂತಳು. ಹೋಟೆಲಿನಲ್ಲಿ ಹೇಳಿದ್ದಕ್ಕಿಂತ ಹೆಚ್ಚು ಹೇಳಿದಳು. ಬಿಚ್ಚಿದ್ದು ಹೇಗೆ, ತೂತು ಉಜ್ಜಿದ್ದು ಹೇಗೆ, ಗುನುಗುತ್ತ ಹೊಲಿದದ್ದು, ನಿನ್ನೆ ಸಂಜೆ ಅಷ್ಟು ನೇರವಾಗಿ ಕೇಳಿದಾಗಲೂ ಬಾಯಿ ಬಿಡದೆ ಕೂತದ್ದು. "ನಿಮಗೆ ಮರೆತಿರಲಿಲ್ಲ. ನೀವೇ ಸರಿ. ತಪ್ಪಾಯ್ತು" ಎಂದಳು.

ಟೀಚರಮ್ಮ ಪೂರ್ತಿ ಕೇಳಿದರು. ದಡ್ಡ ಹುಡುಗಿಯೊಬ್ಬಳು ತಡವರಿಸಿ ಪಾಠ ಒಪ್ಪಿಸುವಾಗ ಕೇಳುವ ತಾಳ್ಮೆಯಲ್ಲಿ. ಆಮೇಲೆ ನಕ್ಕರು. "ಮಗಳು ಹೇಳಿದ್ಲು, ನೀವು ಹೀಗೆ ಹೇಳ್ತಿದೀರಿ ಅಂತ. ದೊಡ್ಡ ಮನಸ್ಸು ನಿಮ್ಮದು."

"ಅಲ್ಲ, ನಿಜವಾಗಿ—"

"ಬಿಡಿ. ನಿನ್ನೆಯಿಂದ ಯೋಚನೆ ಮಾಡಿ ಮಾಡಿ ತಲೆ ಚಿಟ್ಟು ಹಿಡಿದಿತ್ತು. ಈಗ ನೆನಪಾಯ್ತು." ಅವರು ಎಲೆಯ ಮೇಲೆ ಬೆರಳಿಟ್ಟರು. "ಬೆಂಚಿನ ಮೇಲೆ ಕೂತಿದ್ವಲ್ಲ? ಮೊದಮೊದಲು ಸೊಟ್ಟಸೊಟ್ಟ ಬಂತು. ಆಮೇಲೆ ಬಿಸಿಲು ಈ ಕಡೆಯಿಂದ ಬರೋಕೆ ಶುರುವಾಯ್ತು, ನಾನು ಬಟ್ಟೆನ ಹೀಗೆ ತಿರುಗಿಸ್ಕೊಂಡೆ. ಆಗ ಕೈ ಕುದುರ್ತು. ಸೂಜಿ ತಾನೇ ಹೋಗ್ತಿತ್ತು, ನೋಡಿ. ನನಗೇ ಆಶ್ಚರ್ಯ. ಹಾಡು ಬೇರೆ ಹೇಳ್ಕೊಳ್ತಿದ್ದೆ ಅಂತ ಕಾಣುತ್ತೆ."

ಎಷ್ಟು ಸ್ಪಷ್ಟವಾಗಿ ಹೇಳುತ್ತಿದ್ದರೆಂದರೆ ಅರೆಕ್ಷಣ ಅಜ್ಜಿಗೂ ಆ ಬಿಸಿಲು ಕಂಡಿತು. ನಿನ್ನೆ ಸಂಜೆ ಈ ಹೆಂಗಸಿನ ಬಳಿ ಒಂದು ನಿಜವಿತ್ತು, ಮನೆಯವರೆಲ್ಲ ಒಂದಾಗಿ ಇಲ್ಲ ಅಂದರೂ ಬಿಡದೆ ಹಿಡಿದುಕೊಂಡಿದ್ದರು. ಅವಳು ಸುಮ್ಮನಿದ್ದುದಕ್ಕೆ ಅದು ಕೈಬಿಟ್ಟುಹೋಗಿ, ಆ ಜಾಗದಲ್ಲಿ ಇದು ಬಂದು ಕೂತಿತ್ತು. ಹೊಲಿಗೆಯಾದರೆ ಬಿಚ್ಚಬಹುದು. ಅವಳು ಕಿಟಕಿಯ ಕಟ್ಟೆಯ ಮೇಲಿದ್ದ ಪುಟ್ಟ ಕತ್ತರಿಯನ್ನು ತೆಗೆದುಕೊಂಡಳು. "ಕೊಡಿ ಇಲ್ಲಿ. ನಿಮ್ಮೆದುರಿಗೇ ಬಿಚ್ಚಿ, ಮತ್ತೆ ಹಾಗೇ ಹಾಕಿ ತೋರಿಸ್ತೀನಿ. ಆಗ ಗೊತ್ತಾಗುತ್ತೆ ಯಾರ ಕೈ ಅಂತ."

ಟೀಚರಮ್ಮ ಎರಡೂ ಅಂಗೈಗಳಿಂದ ಎಲೆಗಳನ್ನು ಮುಚ್ಚಿದರು. ಅವರ ಮುಖದ ನಗು ಆರಿಹೋಯಿತು.

"ಬಿಚ್ಚಬೇಡಿ" ಎಂದರು. "ಈ ವರ್ಷ ನಾನು ನೆಟ್ಟಗೆ ಮಾಡಿದ್ದು ಇದೊಂದೇ."

ಕೆಳಗೆ ಹಾರ್ನ್ ಕೂಗಿತು. ಬಚ್ಚಲಿನಲ್ಲಿ ನೀರು ಸುರಿಯುವ ಸದ್ದು, ಮಗುವಿನ ಕೇಕೆ. ಅಜ್ಜಿ ಕತ್ತರಿಯನ್ನು ಕೆಳಗಿಟ್ಟಳು. ಎಲ್ಲಿಟ್ಟಳೆಂದು ಅವಳಿಗೆ ಗೊತ್ತಾಗಲಿಲ್ಲ. ಟೀಚರಮ್ಮ ಅಂಗೈ ಸರಿಸಿ, ಎಲೆಗಳಿಗೆ ಏನೂ ಆಗಿಲ್ಲವೆಂದು ನೋಡಿಕೊಂಡು, ಪಕ್ಕದಲ್ಲಿ ಇನ್ನೂ ಖಾಲಿಯಿದ್ದ ಪೆನ್ಸಿಲ್ ಗೆರೆಯನ್ನು ತೋರಿಸಿದರು. "ಇದೊಂದು ಉಳಿದಿದೆ. ಹೋಗೋ ಮುಂಚೆ ದಾರ ಪೋಣಿಸಿ ಕೊಡ್ತೀರಾ?"

ಅಜ್ಜಿ ಸೂಜಿ ಹಿಡಿದಳು. ದಾರದ ತುದಿ ತುಟಿಗೆ ತಾಗಿಸಿ ಚೂಪು ಮಾಡಿದಳು. ಸೂಜಿಯ ಕಣ್ಣು ಒಂದಿದ್ದದ್ದು ಎರಡಾಯಿತು, ದಾರ ಆ ಕಡೆ ಈ ಕಡೆ ಸರಿದು ಹೋಯಿತು. ಮತ್ತೆ ಮಾಡಿದಳು. ಆಗಲಿಲ್ಲ. ಟೀಚರಮ್ಮ ಅವಳ ಕೈಯಿಂದ ಎರಡನ್ನೂ ತೆಗೆದುಕೊಂಡು, ಕನ್ನಡಕ ಏರಿಸಿ, ತಾವೇ ಪೋಣಿಸಿಕೊಂಡರು. "ಅವಸರ ಮಾಡಬಾರದು" ಎಂದರು ಅಕ್ಕರೆಯಿಂದ. "ಎಲ್ಲರಿಗೂ ಆಗುತ್ತೆ ಒಂದೊಂದ್ಸಲ."

ಅವರು ಹೊಲಿಯತೊಡಗಿದರು. ಹಾರ್ನ್ ಇನ್ನೊಂದು ಸಲ ಕೂಗಿದಾಗ ಅಜ್ಜಿ ಕಿಟಕಿಯಿಂದ ತಲೆ ಹಾಕಿ, "ಗಾಡಿ ಆಫ್ ಮಾಡೋ. ಇವತ್ತು ಹೋಗಲ್ಲ" ಎಂದಳು. ಮಗ ಕೆಳಗಿನಿಂದ ಖುಷಿಯಾಗಿ, "ನಾನು ಅದೇ ಹೇಳ್ತಿದ್ದೆ ಅಲ್ವಾ!" ಎಂದ. ಇಲ್ಲೇ ಬಂದು ಇರಲು ಅಮ್ಮ ಒಪ್ಪಿದಳೆಂದು ಅವನು ಅರ್ಥ ಮಾಡಿಕೊಂಡದ್ದು ಅವಳಿಗೆ ತಿಳಿಯಿತು. ಅದು ಪೂರ್ತಿ ತಪ್ಪೂ ಅಲ್ಲವೆಂದು ಕೂಡ. ಅವಳು ಬಂದು ಎದುರಿಗೆ ಕೂತು, ಬಟ್ಟೆ ಸುಕ್ಕಾಗದಂತೆ ಅಂಚನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡಳು. ಸೂಜಿ ಗೆರೆ ಬಿಟ್ಟು ಹೊರಗೆ ಹೋಯಿತು. ಟೀಚರಮ್ಮನಿಗೆ ಅದು ಕಾಣಲಿಲ್ಲ. ಅಜ್ಜಿ ನೋಡಿದಳು, ಬೇರೆ ಕಡೆ ಕಣ್ಣು ತಿರುಗಿಸದೆ ಪ್ರತಿ ಹೊಲಿಗೆಯನ್ನೂ ನೋಡಿದಳು, ಅಂಚನ್ನು ಹಿಡಿದೇ ಇದ್ದಳು.